ಮರಳುಗಾಡಿನ ದೋಣಿಗೆ ಮಳೆಯ ಭಯ

ಕುವೈತ್‌ನ ಸುಲೈಬಿಯಾದಲ್ಲಿ ಕಡಲಿಲ್ಲ, ಮಳೆಯೂ ಅಪರೂಪ. ಆದರೂ ಅಂಥ ಕಡೆ ಶೆಡ್ ಹಾಕಿ ದೋಣಿ ಕಟ್ಟುವವರು ಚಳಿಗಾಲಕ್ಕೆ ಮುಂಚೆ ಮಾಡನ್ನೂ ನೋಡಬೇಕು, ವಿಮೆಯ ಪಾಲಿಸಿಯನ್ನೂ ಓದಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಕೈಕೊಡುತ್ತದೆ.

ನವೆಂಬರ್ ತಿಂಗಳ ಒಂದು ಸಂಜೆ. ಸುಲೈಬಿಯಾದಂಥ ಕೈಗಾರಿಕಾ ಪ್ರದೇಶದ ಒಂದು ಶೆಡ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ತಗಡಿನ ಮಾಡು, ಮೂರು ಕಡೆ ಗೋಡೆ, ಮುಂದೆ ಮರಳು ಮತ್ತು ಜಲ್ಲಿಯ ಅಂಗಳ. ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಎಂಟು ಮೀಟರ್ ಉದ್ದದ ಹೊಸ ಫೈಬರ್ ದೋಣಿ ಕೂತಿದೆ. ಎಂಜಿನ್ ಕೂರಿಸಿ ಆಗಿದೆ, ವೈರಿಂಗ್ ಮುಗಿದಿದೆ, ಇನ್ನೆರಡು ದಿನದಲ್ಲಿ ಗಿರಾಕಿ ಬಂದು ಒಯ್ಯುತ್ತಾನೆ. ಬೆಳಗ್ಗೆಯಿಂದ ಬೀಸುತ್ತಿದ್ದ ಗಾಳಿ ಒಮ್ಮೆಲೇ ನಿಂತಿದೆ. ಪಶ್ಚಿಮದ ಕಡೆ ಧೂಳೋ ಮೋಡವೋ ಹೇಳಲಾಗದ ಒಂದು ಕಂದು ಗೋಡೆ ಎದ್ದಿದೆ.

ಎಲ್ಲರೂ ಅಚ್ಚುಗಳ ಮೇಲೆ ತಾಡಪಾಲು ಎಳೆಯಲು ಓಡುತ್ತಾರೆ. ಮಲ್ಪೆ ಕಡೆಯವನೊಬ್ಬ ಮಾತ್ರ ದೋಣಿಯ ಹಿಂಬದಿಗೆ ಹೋಗಿ ಬಗ್ಗುತ್ತಾನೆ. ತಳದಲ್ಲಿರುವ ತೂತಿನ ಬಿರಡೆಯನ್ನು ತಿರುಗಿಸಿ ಕೀಳುತ್ತಾನೆ. ಹೆಬ್ಬೆರಳು ಗಾತ್ರದ ಆ ಬಿರಡೆಯನ್ನು ಒಂದು ದಾರಕ್ಕೆ ಪೋಣಿಸಿ ದೋಣಿಯ ಸ್ಟೇರಿಂಗ್‌ಗೆ ಕಟ್ಟುತ್ತಾನೆ. ಆಮೇಲೆ ತಾಡಪಾಲಿನ ಕಡೆ ಹೋಗುತ್ತಾನೆ.

ಲೆಕ್ಕ ಹಾಕಿ ನೋಡಿ. ಎಂಟು ಮೀಟರ್ ಉದ್ದ, ಎರಡು ಮೀಟರ್ ಅಗಲ ಎಂದರೆ 16 ಚದರ ಮೀಟರ್. ರಾತ್ರಿ 50 ಮಿಲಿಮೀಟರ್ ಮಳೆ ಸುರಿದರೆ ಆ ತೆರೆದ ದೋಣಿಯೊಳಗೆ ಬೀಳುವ ನೀರು 800 ಲೀಟರ್, ತೂಕ 800 ಕಿಲೋ. ಬಿರಡೆ ಹಾಗೇ ಇದ್ದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ನೀರಿನಡಿ, ವೈರಿಂಗ್ ನೀರಿನಡಿ. ದಿಮ್ಮಿ ಮರಳಿಗೆ ಕುಸಿದರೆ ದೋಣಿ ವಾಲಿ ತಳ ಬಿರುಕು ಬಿಡುತ್ತದೆ. ಕಡಲನ್ನೇ ಕಾಣದ ದೋಣಿ ಅಂಗಳದಲ್ಲೇ ಮುಳುಗಿದ ಹಾಗೆ.

ಹಾಗಾದರೆ ವಿಮೆಯವರು ದುಡ್ಡು ಕೊಡುತ್ತಾರೆಯೇ? ಈ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಉತ್ತರ ಹುಡುಕಲು ಮೊದಲು ಅಲ್ಲಿನ ಮಳೆಯನ್ನು, ಆಮೇಲೆ ಪಾಲಿಸಿಯನ್ನು ಅರಿಯಬೇಕು.

ಕಡಲಿಲ್ಲದ ಊರಿನಲ್ಲಿ ದೋಣಿ

ಸುಲೈಬಿಯಾ ಇರುವುದು ಕುವೈತ್ ನಗರದ ನೈಋತ್ಯಕ್ಕೆ, ಜಹ್ರಾ ಗವರ್ನರೇಟಿನಲ್ಲಿ. ಅಲ್ಲಿ ದುಡಿದು ಬಂದ ನಮ್ಮವರಿಗೆ ಆ ಹೆಸರು ಕೇಳಿದರೆ ನೆನಪಾಗುವುದು ತರಕಾರಿ. ದೇಶದ ದೊಡ್ಡ ಸಗಟು ತರಕಾರಿ ಮಾರುಕಟ್ಟೆ 'ಫುರ್ದಾ' ಅಲ್ಲೇ ಇದೆ. ಅದರ ಜೊತೆಗೆ ತೋಟಗಳು, ಗೋದಾಮುಗಳು, ವರ್ಕ್‌ಶಾಪುಗಳು, ಸೆಂಟ್ರಲ್ ಜೈಲು. ಕೊಳಚೆ ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಸೋಸಿ ಶುದ್ಧ ಮಾಡುವ ಸುಲೈಬಿಯಾ ಘಟಕ ಜಗತ್ತಿನ ಅಂಥ ದೊಡ್ಡ ಘಟಕಗಳಲ್ಲಿ ಒಂದು. ದಿನಕ್ಕೆ 3,75,000 ಘನ ಮೀಟರ್ ಅದರ ಮೂಲ ಸಾಮರ್ಥ್ಯ. ನೀರಿಗೆ ಇಷ್ಟೊಂದು ಬೆಲೆ ಇರುವ ಕಡೆ ಮಳೆನೀರು ಶತ್ರುವಾಗಬಲ್ಲದು ಎಂದರೆ ಮೊದಲು ಯಾರೂ ನಂಬುವುದಿಲ್ಲ.

ದೋಣಿ ಕಟ್ಟಲು ಕಡಲತೀರವೇ ಬೇಕು ಎಂಬುದು ಮರದ ಕಾಲದ ಮಾತು. ಆಗ ಕುವೈತ್‌ನ 'ಗಲ್ಲಾಫ್' ಎಂಬ ದೋಣಿಬಡಗಿಗಳು ನಕ್ಷೆಯಿಲ್ಲದೆ, ಕಣ್ಣಳತೆಯಲ್ಲೇ ದಡದ ಮೇಲೆ 'ಬೂಮ್' ಹಡಗುಗಳನ್ನು ಕಟ್ಟುತ್ತಿದ್ದರು. ತೇಗ ಬರುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ, ಮುಖ್ಯವಾಗಿ ಮಲಬಾರಿನಿಂದ. ಅದೇ ಹಡಗುಗಳು ಬಸ್ರಾದ ಖರ್ಜೂರ ಹೇರಿಕೊಂಡು ಹಿಂಗಾರು ಗಾಳಿಯಲ್ಲಿ ಇತ್ತ ಬಂದು, ಮರಮಟ್ಟು ತುಂಬಿಕೊಂಡು ಮುಂಗಾರು ಬಲಿಯುವ ಮೊದಲು ಮರಳುತ್ತಿದ್ದವು. ಈ ನಂಟು ಎಷ್ಟು ಗಟ್ಟಿಯಾಗಿತ್ತೆಂದರೆ 1961ರವರೆಗೂ ಕುವೈತ್‌ನ ಅಂಗಡಿಗಳಲ್ಲಿ ನಡೆಯುತ್ತಿದ್ದುದು ರೂಪಾಯಿ.

ಆ ಕಾಲದ ದೊಡ್ಡ ಬೂಮ್‌ಗಳಲ್ಲಿ ಇಂದು ಉಳಿದಿರುವುದು 1938ರ 'ಫತಹ್ ಅಲ್-ಖೈರ್'. ಅದನ್ನು ಪ್ರದರ್ಶನದ ವಸ್ತುವಾಗಿ ಕಾಪಾಡಿ ಇಟ್ಟಿದ್ದಾರೆ. ಹೊಸ ದೋಣಿಗಳು ಹೆಚ್ಚಾಗಿ ಫೈಬರ್. ಕುವೈತಿಗಳು 'ತರ್ರಾದ್' ಎನ್ನುವ ವೇಗದ ಮೋಟಾರು ದೋಣಿ ಕಟ್ಟಲು ಬೇಕಾದ್ದು ಒಂದು ಅಚ್ಚು, ಗಾಜಿನ ನಾರಿನ ಚಾಪೆ, ರೆಸಿನ್, ತಲೆಯ ಮೇಲೊಂದು ಮಾಡು. ಮುಗಿದ ದೋಣಿಯನ್ನು ಲಾರಿಯಲ್ಲಿಟ್ಟು ಕಡಲಿಗೆ ಒಯ್ದರಾಯಿತು. ಹಾಗಾಗಿ ದೋಣಿಯ ಕೆಲಸ ತೀರ ಬಿಟ್ಟು ಒಳನಾಡಿನ ಶೆಡ್ಡಿಗೆ ಬಂತು. ಬರುವಾಗ ತೀರದ ಜನರಿಗಿದ್ದ ಒಂದು ಅಭ್ಯಾಸವನ್ನು ಅಲ್ಲೇ ಬಿಟ್ಟು ಬಂತು: ಆಕಾಶ ನೋಡುವ ಅಭ್ಯಾಸ.

ವರ್ಷಕ್ಕೆ ಹೆಸರಾದ ಮಳೆ

ನಮ್ಮ ಕರಾವಳಿಯಲ್ಲಿ ಮಳೆಗೆ ತಾರೀಖಿದೆ. ರೋಹಿಣಿ, ಮೃಗಶಿರಾ, ಆರ್ದ್ರಾ ಎಂದು ನಕ್ಷತ್ರದ ಹೆಸರು ಹಿಡಿದು ಮಳೆಯನ್ನು ಕರೆಯುತ್ತೇವೆ. ಮೇ ಮುಗಿಯುವಷ್ಟರಲ್ಲಿ ಹೆಂಚು ಸರಿಸಿ ನೋಡಿ, ಸೌದೆ ಒಳಗಿಟ್ಟು, ಜಗಲಿಗೆ ಮಡಲಿನ ತಡಿಕೆ ಕಟ್ಟಿ ಆಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ದೋಣಿಗಳು ಸಾಲಾಗಿ ದಡ ಸೇರಿ ರಿಪೇರಿಗೆ ಕೂರುತ್ತವೆ.

ಅರಬರಿಗೂ ಇಂಥ ಪಂಚಾಂಗವಿತ್ತು. ಆಗಸ್ಟ್ ಕೊನೆಗೆ 'ಸುಹೈಲ್' ನಕ್ಷತ್ರ ಮೂಡಿದರೆ ಬಿಸಿಲಿನ ಉಪಟಳ ಇಳಿಯಿತು ಎಂದು ಅರ್ಥ. ಆ ಸುಹೈಲ್ ಬೇರೆ ಯಾವುದೂ ಅಲ್ಲ, ನಮ್ಮ ಅಗಸ್ತ್ಯ ನಕ್ಷತ್ರವೇ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಆರಂಭದವರೆಗಿನ ಅವಧಿಗೆ 'ವಸ್ಮ್' ಎಂದು ಹೆಸರು. ಆಗ ಮಳೆ ಬಿದ್ದರೆ ಮರಳಿನಲ್ಲಿ ಹಸಿರು ಚಿಗುರುತ್ತದೆ, ಮುಂದೆ ನೆಲದಡಿ 'ಫಗಾ' ಎಂಬ ಅಣಬೆ ಸಿಗುತ್ತದೆ. ಅದಾದ ಮೇಲೆ 'ಮುರಬ್ಬಆನಿಯಾ' ಎಂಬ ಸುಮಾರು 40 ದಿನದ ಕೊರೆಯುವ ಚಳಿ. ಕುರಿ ಕಾಯುವವನಿಗೆ ವಸ್ಮ್ ಮಳೆ ವರ. ಆದರೆ ತಗಡಿನ ಮಾಡಿನಡಿ ಲಕ್ಷಾಂತರ ದಿನಾರ್ ಮಾಲು ಇಟ್ಟವನಿಗೆ?

ಕುವೈತ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 110ರಿಂದ 120 ಮಿಲಿಮೀಟರ್. ಉಡುಪಿಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿಯುವುದುಂಟು. ಆದರೆ ಅಷ್ಟು ಮಳೆಯೂ ಕೆಲವೇ ದಿನಗಳಲ್ಲಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಕುವೈತಿಗಳು ವರ್ಷಕ್ಕೇ ಹೆಸರಿಟ್ಟಿದ್ದಾರೆ. 1934ನೇ ಇಸವಿ ಅವರಿಗೆ 'ಸನತ್ ಅಲ್-ಹದಾಮಾ', ಎಂದರೆ ಕೆಡವಿದ ವರ್ಷ. ಆ ಡಿಸೆಂಬರ್‌ನ ಮಳೆಗೆ ಮಣ್ಣಿನ ಮನೆಗಳು ನೂರಾರು ಸಂಖ್ಯೆಯಲ್ಲಿ ಕುಸಿದವು. 1954ರಲ್ಲಿ ಮತ್ತೊಮ್ಮೆ ಹಾಗೇ ಆಯಿತು. ಅದು ಎರಡನೇ ಹದಾಮಾ. ಬಂಟ್ವಾಳದ ಹಿರಿಯರು 1923ರ ನೆರೆ, 1974ರ ನೆರೆ ಎಂದು ಕಾಲವನ್ನು ಅಳೆಯುವ ಹಾಗೆಯೇ ಇದು.

ಈಚಿನ ಒಂದು ಉದಾಹರಣೆ 2018ರ ನವೆಂಬರ್. ತಿಂಗಳ ಆರಂಭದಿಂದಲೇ ಬಿಟ್ಟು ಬಿಟ್ಟು ಸುರಿದ ಮಳೆಗೆ ಅಂಡರ್‌ಪಾಸ್‌ಗಳು ತುಂಬಿದವು, ರಸ್ತೆಗಳು ಕೊಚ್ಚಿಹೋದವು. ನವೆಂಬರ್ 9ರಂದು ಲೋಕೋಪಯೋಗಿ ಸಚಿವ ಹುಸಾಮ್ ಅಲ್-ರೂಮಿ ರಾಜೀನಾಮೆ ಕೊಟ್ಟರು. 14ರ ರಾತ್ರಿ ವಿಮಾನ ನಿಲ್ದಾಣದಲ್ಲಿ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಅದಕ್ಕೆ ಎರಡು ವರ್ಷ ಹಿಂದೆ, 2016ರ ಜುಲೈಯಲ್ಲಿ, ಮಳೆಗೆ ಹೀಗೆ ಮಣಿದ ಇದೇ ದೇಶದ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಮರಳು ಯಾಕೆ ಕುಡಿಯುವುದಿಲ್ಲ?

ಮರಳುಗಾಡಿನಲ್ಲಿ ನೀರು ಇಂಗಿಹೋಗಬೇಕಲ್ಲ ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಕುವೈತ್‌ನ ಬಹುಭಾಗದಲ್ಲಿ ಮರಳಿನ ತೆಳು ಹೊದಿಕೆಯ ಕೆಳಗೆ 'ಗ್ಯಾಚ್' ಎಂಬ ಪದರವಿದೆ. ಸುಣ್ಣ ಮತ್ತು ಮರಳು ಸೇರಿ ಗಟ್ಟಿಯಾದ, ಗಾರೆಯಂಥ ನೆಲ. ಜೋರು ಮಳೆ ಬಂದರೆ ನೀರು ಇಳಿಯದೆ ಮೇಲೆಯೇ ಹರಿದು ತಗ್ಗು ಹುಡುಕುತ್ತದೆ. ತಗ್ಗಿನಲ್ಲಿ ಶೆಡ್ ಇದ್ದರೆ ಅದೇ ಕೆರೆ.

ಇನ್ನು ಮಾಡಿನ ಕಥೆ. ತಗಡನ್ನು ಹಿಡಿದ ಸ್ಕ್ರೂಗಳ ಅಡಿಯಲ್ಲಿ ರಬ್ಬರಿನ ವಾಷರ್ ಇರುತ್ತದೆ. ಬೇಸಿಗೆಯ ಬಿಸಿಲಿಗೆ ಅದು ಬೆಂದು ಗಟ್ಟಿಯಾಗಿ ಸೀಳುತ್ತದೆ. ಆರು ತಿಂಗಳು ಮಳೆಯೇ ಇಲ್ಲದ್ದರಿಂದ ಸೀಳಿದ್ದು ಯಾರಿಗೂ ಗೊತ್ತಾಗುವುದಿಲ್ಲ. ನೀರು ಹೋಗುವ ದಂಬೆಯಲ್ಲಿ ಧೂಳುಗಾಳಿ ತಂದ ಮರಳು ತುಂಬಿರುತ್ತದೆ. ಮೊದಲ ಮಳೆ ಬಿದ್ದಾಗ ಮಾಡಿನಲ್ಲಿ ನೂರು ತೂತು, ದಂಬೆಯಲ್ಲಿ ಕೆಸರು. ಅದರ ಬೆನ್ನಿಗೆ ಚಳಿಗಾಲದ 'ಶಮಾಲ್', ಎಂದರೆ ವಾಯವ್ಯದ ಗಾಳಿ, ಮೂರರಿಂದ ಐದು ದಿನ ಒಂದೇ ಸಮನೆ ಬೀಸಿದರೆ ಸಡಿಲವಾದ ತಗಡು ಹಾರುತ್ತದೆ, ಅಂಗಳದಲ್ಲಿಟ್ಟ ಖಾಲಿ ಅಚ್ಚು ಹಾಯಿಯಂತೆ ಗಾಳಿ ಹಿಡಿದು ಮಗುಚುತ್ತದೆ.

ಚಳಿಗೆ ಹೆಪ್ಪುಗಟ್ಟದ ರೆಸಿನ್

ಫೈಬರ್ ಕೆಲಸಕ್ಕೆ ಮಳೆಯಷ್ಟೇ ತೊಂದರೆ ಚಳಿಯದು. ಅದನ್ನು ಅರಿಯಲು ಮೊಸರು ಹೆಪ್ಪು ಹಾಕುವುದನ್ನು ನೆನಪಿಸಿಕೊಂಡರೆ ಸಾಕು. ಹಾಲಿಗೆ ಹೆಪ್ಪು ಬಿಟ್ಟ ಹಾಗೆ ಪಾಲಿಯೆಸ್ಟರ್ ರೆಸಿನ್‌ಗೆ ನೂರಕ್ಕೆ ಒಂದೆರಡು ಪಾಲು ಹಾರ್ಡನರ್ ಬೆರೆಸುತ್ತಾರೆ. ಹದವಾಗಿ ಬೆಚ್ಚಗಿದ್ದರೆ, 18ರಿಂದ 25 ಡಿಗ್ರಿಯಲ್ಲಿ, ಅದು ಚೆನ್ನಾಗಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಬ್ರಷ್ ಎತ್ತುವ ಮೊದಲೇ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಜನವರಿಯ ರಾತ್ರಿ ಕುವೈತ್‌ನಲ್ಲಿ ಎಂಟು ಡಿಗ್ರಿಯ ಆಸುಪಾಸಿಗೆ ಇಳಿದಾಗ ಗಂಟೆಗಟ್ಟಲೆ ಅಂಟಂಟಾಗೇ ಉಳಿಯುತ್ತದೆ. ಬೆಳಗಿನ ಇಬ್ಬನಿ ಗಾಜಿನ ನಾರಿಗೆ ತಾಗಿದರೆ ಪದರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಆ ದೋಷ ಅಂದು ಕಾಣುವುದಿಲ್ಲ. ಎರಡು ವರ್ಷದ ಮೇಲೆ, ಅಲೆಗೆ ಬಡಿದು ಬಡಿದು, ಪದರ ಬಿಟ್ಟುಕೊಂಡಾಗ ಕಾಣುತ್ತದೆ.

ಕೆಲಸ ಬೇಗ ಮುಗಿಯಬೇಕು ಎಂದಾಗ ಎರಡು ತಪ್ಪು ನಡೆಯುತ್ತವೆ. ಒಂದು, ಹಾರ್ಡನರ್ ಕೈತಪ್ಪಿ ಹೆಚ್ಚು ಸುರಿಯುವುದು. ಇನ್ನೊಂದು, ಹೀಟರ್ ತಂದಿಡುವುದು. ಶೆಡ್ಡಿನಲ್ಲಿ ಬ್ರಷ್ ತೊಳೆಯಲು ಇಟ್ಟ ಅಸಿಟೋನ್ ಇರುತ್ತದೆ. ಅದರ ಆವಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಹಾರ್ಡನರ್ ಮತ್ತು ಕೋಬಾಲ್ಟ್ ವೇಗವರ್ಧಕ ನೇರವಾಗಿ ಬೆರೆತರೆ ಸಿಡಿಯಬಹುದು. ಚಳಿಗೆ ಬಾಗಿಲು ಮುಚ್ಚಿ, ಆವಿ ಹೊರಹೋಗುವ ಫ್ಯಾನ್ ಆರಿಸಿ, ನೆಲದ ಮೇಲೆ ಕೆಂಪಗೆ ಉರಿಯುವ ಹೀಟರ್ ಇಟ್ಟರೆ ಏನಾಗಬಹುದು ಎಂದು ಹೇಳಲು ತಜ್ಞರು ಬೇಕಿಲ್ಲ. ಮರುಭೂಮಿಯ ಚಳಿಗಾಲದಲ್ಲಿ ನೀರು ಮತ್ತು ಬೆಂಕಿ ಎರಡೂ ಒಂದೇ ಶೆಡ್ಡಿನ ಬಾಗಿಲು ತಟ್ಟುತ್ತವೆ.

ಒಂದು ಶೆಡ್ಡು, ಹಲವು ಪಾಲಿಸಿ

"ಇನ್ಶೂರೆನ್ಸ್ ಇದೆ" ಎಂದು ಮಾಲೀಕರು ಹೇಳುವಾಗ ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ಒಂದೇ ಫೈಲು. ನಿಜದಲ್ಲಿ ದೋಣಿ ಕಟ್ಟುವ ಉದ್ಯಮಕ್ಕೆ ಬೇರೆ ಬೇರೆ ರಕ್ಷಣೆ ಬೇರೆ ಬೇರೆ ಕಡೆಯಿಂದ ಬರುತ್ತದೆ.

ಕಟ್ಟಡ, ಯಂತ್ರ, ಅಚ್ಚು, ದಾಸ್ತಾನಿಗೆ ಆಸ್ತಿ ವಿಮೆ. ಹೊರದೇಶದಿಂದ ಬರುವ ಎಂಜಿನ್, ರೆಸಿನ್‌ಗಳಿಗೆ ಸರಕು ವಿಮೆ. ಶೆಡ್ ಮುಚ್ಚಿದ್ದರೂ ಸಂಬಳ, ಬಾಡಿಗೆ ನಿಲ್ಲುವುದಿಲ್ಲವಲ್ಲ, ಆ ನಷ್ಟಕ್ಕೆ ವ್ಯವಹಾರ ಸ್ಥಗಿತದ ವಿಮೆ. ರಿಪೇರಿಗೆ ಬಂದ ಬೇರೆಯವರ ದೋಣಿಗೆ ಪೆಟ್ಟಾದರೆ ಹೊಣೆಗಾರಿಕೆಯ ವಿಮೆ. ಕೆಲಸಗಾರರ ಗಾಯಕ್ಕೆ ಇನ್ನೊಂದು; ಕುವೈತ್‌ನ 2010ರ 6ನೇ ಕಾರ್ಮಿಕ ಕಾನೂನು ಅದರ ಹೊರೆಯನ್ನು ಮಾಲೀಕನ ಮೇಲೇ ಹಾಕಿದೆ.

ಇವೆಲ್ಲದರ ನಡುವೆ ದೋಣಿಗೇ ಮೀಸಲಾದದ್ದು 'ಬಿಲ್ಡರ್ಸ್ ರಿಸ್ಕ್'. ಕಟ್ಟುವ ಕೆಲಸ, ನೀರಿಗಿಳಿಸುವುದು, ಪರೀಕ್ಷಾ ಓಡಾಟ, ಗಿರಾಕಿಗೆ ಒಪ್ಪಿಸುವುದು, ಅಲ್ಲಿಯವರೆಗಿನ ಗಂಡಾಂತರಗಳನ್ನು ಇದು ಹೊರುತ್ತದೆ. ಲಂಡನ್ ಮಾರುಕಟ್ಟೆ 1988ರ ಜೂನ್ 1ರಂದು ಹೊರತಂದ ಷರತ್ತುಗಳು ಇದಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ. ನೀರಿಗಿಳಿಸುವಾಗ ದೋಣಿ ನಡುವೆ ಸಿಕ್ಕಿಕೊಂಡರೆ ಅದನ್ನು ಇಳಿಸಿ ಮುಗಿಸುವ ಖರ್ಚನ್ನೂ ಅದು ಕೊಡುತ್ತದೆ. ಆದರೆ ಕೆಟ್ಟ ವೆಲ್ಡಿಂಗನ್ನು ಮತ್ತೆ ಮಾಡುವ ಖರ್ಚನ್ನು ಕೊಡುವುದಿಲ್ಲ. ಈ ಗೆರೆ ನೆನಪಿರಲಿ. ಆಪತ್ತು ತಂದ ನಷ್ಟ ವಿಮೆಗೆ, ಕೈಯ ಕೆಲಸ ಕೆಟ್ಟ ನಷ್ಟ ಕಟ್ಟಿದವನಿಗೆ. ಚಳಿಯಲ್ಲಿ ಹದ ತಪ್ಪಿದ ರೆಸಿನ್ ಎರಡನೆಯ ಪಟ್ಟಿಗೆ ಸೇರುವ ಸಂಭವವೇ ಹೆಚ್ಚು.

ಕುವೈತ್‌ನಲ್ಲಿ ವಿಮಾ ಕ್ಷೇತ್ರಕ್ಕೆ 2019ರ 125ನೇ ಕಾನೂನು ಹೊಸ ಚೌಕಟ್ಟು ಹಾಕಿತು. ಸಾಮಾನ್ಯ ವಿಮೆಯ ಜೊತೆಗೆ 'ತಕಾಫುಲ್' ಕೂಡ ಅಲ್ಲಿ ಉಂಟು. ಸದಸ್ಯರು ಒಂದು ನಿಧಿಗೆ ಹಣ ಹಾಕಿ, ಯಾರಿಗೆ ನಷ್ಟವಾಯಿತೋ ಅವರಿಗೆ ಅದರಿಂದ ಕೊಡುವ ಪದ್ಧತಿ. ಹಡಗಿನ ಜನರಿಗೆ ಇದು ತೀರಾ ಹೊಸತಲ್ಲ. ಹಳೆಯ ಬೂಮ್‌ಗಳಲ್ಲಿ ಖಲಾಸಿಗಳಿಗೆ ಸಂಬಳವಿರಲಿಲ್ಲ, ಯಾನದ ಲಾಭದಲ್ಲಿ ಪಾಲಿತ್ತು. ಬಿರುಗಾಳಿಯಲ್ಲಿ ಹಡಗು ಉಳಿಸಲು ಒಬ್ಬನ ಸರಕನ್ನು ಕಡಲಿಗೆಸೆದರೆ ಉಳಿದವರೆಲ್ಲ ಸೇರಿ ಆ ನಷ್ಟ ಹಂಚಿಕೊಳ್ಳುವ ಪದ್ಧತಿ ಕಡಲ ವ್ಯಾಪಾರದಷ್ಟೇ ಹಳೆಯದು.

ಸಣ್ಣ ಅಕ್ಷರದಲ್ಲಿ ಇರುವುದು

ಇನ್ನು ಬಿರಡೆಯ ಪ್ರಶ್ನೆಗೆ ಬರೋಣ. ಪಾಲಿಸಿಯಲ್ಲಿ ನೀರು ಎಂದರೆ ಒಂದೇ ನೀರಲ್ಲ.

ಸರಕು ವಿಮೆಯ ಷರತ್ತುಗಳಲ್ಲಿ ಎ, ಬಿ, ಸಿ ಎಂದು ಮೂರು ಬಗೆ. 'ಬಿ' ತೆಗೆದುಕೊಂಡರೆ ಕಡಲಿನ, ಕೆರೆಯ, ನದಿಯ ನೀರು ಕಂಟೇನರಿಗೋ ಗೋದಾಮಿಗೋ ನುಗ್ಗಿದ ಹಾನಿಗೆ ರಕ್ಷಣೆ ಇದೆ. ಮಳೆನೀರಿನ ಹೆಸರು ಅಲ್ಲಿಲ್ಲ. ಬಂದರಿನ ಅಂಗಳದಲ್ಲಿ ತೂತು ಕಂಟೇನರಿನೊಳಗೆ ಮಳೆ ಸುರಿದು ಗಾಜಿನ ನಾರಿನ ಉರುಳೆಗಳು ನೆನೆದರೆ 'ಬಿ' ಕೈಕೊಡುತ್ತದೆ, ವಿಶಾಲವಾದ 'ಎ' ಕಾಪಾಡುತ್ತದೆ. ಪ್ರೀಮಿಯಂ ಉಳಿಸಿದ ಖುಷಿ ಒಂದು ಮಳೆಗೆ ಕರಗುತ್ತದೆ.

ಆಸ್ತಿ ವಿಮೆಯಲ್ಲೂ ಬಿರುಗಾಳಿ ಬೇರೆ, ನೆರೆ ಬೇರೆ, ಸೋರಿಕೆ ಬೇರೆ. ಗಾಳಿ ತಗಡು ಕಿತ್ತು, ಆ ಬಾಯಿಯಿಂದ ಮಳೆ ಒಳಬಂದರೆ ಅದು ಬಿರುಗಾಳಿಯ ಹಾನಿ. ಸವೆದ ವಾಷರಿನ ತೂತಿನಿಂದ ತೊಟ್ಟಿಕ್ಕಿದರೆ ಅದು ಸವಕಳಿ. ಬ್ರಿಟನ್ನಿನ 1906ರ ಕಡಲ ವಿಮಾ ಕಾಯ್ದೆಯೂ ಅದನ್ನು ಅನುಸರಿಸಿದ ನಮ್ಮ 1963ರ ಕಾಯ್ದೆಯೂ ಸಾಮಾನ್ಯ ಸವಕಳಿಗೆ ವಿಮೆಗಾರ ಹೊಣೆಯಲ್ಲ ಎಂದೇ ಹೇಳುತ್ತವೆ. ಅದೇ ಕಾಯ್ದೆಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ನಷ್ಟ ತಪ್ಪಿಸಲು, ಕಡಿಮೆ ಮಾಡಲು ನ್ಯಾಯವಾದ ಪ್ರಯತ್ನ ಮಾಡುವುದು ವಿಮೆ ಮಾಡಿಸಿದವನ ಕರ್ತವ್ಯ. ಮಳೆ ಬರುವುದು ಕಂಡೂ ಬಿರಡೆ ಕೀಳದಿದ್ದರೆ ನಷ್ಟ ಅಳೆಯಲು ಬರುವ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ ಅದೇ.

ಮೂರನೆಯದು ಗಡಿಯಾರದ ಷರತ್ತು. ಅನೇಕ ಪಾಲಿಸಿಗಳಲ್ಲಿ 72 ಗಂಟೆಯೊಳಗಿನ ಬಿರುಗಾಳಿ, ನೆರೆಯ ಹಾನಿಯನ್ನೆಲ್ಲ ಒಂದೇ ಘಟನೆ ಎಂದು ಎಣಿಸುತ್ತಾರೆ. ಪ್ರತಿ ಘಟನೆಗೂ ಮೊದಲ ಇಷ್ಟು ಮೊತ್ತ ಮಾಲೀಕನದೇ ಎಂಬ ಕಡಿತ ಇರುತ್ತದೆ. 2018ರ ನವೆಂಬರಿನಂತೆ ವಾರಕ್ಕೊಮ್ಮೆ ಮಳೆ ಸುರಿದರೆ ಪ್ರತಿಸಲವೂ ಹೊಸ ಘಟನೆ, ಹೊಸ ಕಡಿತ. ಮೊದಲ ಮಳೆಗೆ ಹಾರಿದ ತಗಡನ್ನು ಎರಡನೆಯ ಮಳೆಗೆ ಮೊದಲು ಕೂರಿಸದವನ ಕ್ಲೇಮು ಎರಡು ಕಡೆ ಸೊರಗುತ್ತದೆ.

ನಾಲ್ಕನೆಯದು ಸರಳ ಗಣಿತ. ಶೆಡ್ಡಿನಲ್ಲಿ 1,00,000 ದಿನಾರ್ ಮಾಲು ಇದೆ, ಪ್ರೀಮಿಯಂ ಉಳಿಸಲು 60,000ಕ್ಕೆ ಮಾತ್ರ ವಿಮೆ ಮಾಡಿಸಲಾಗಿದೆ ಎನ್ನಿ. 20,000 ದಿನಾರ್ ನಷ್ಟವಾದರೆ ಕೈಗೆ ಬರುವುದು 12,000 ಮಾತ್ರ, ಕಡಿತ ಬೇರೆ. ನೂರಕ್ಕೆ 40 ಪಾಲಿನ ಮಟ್ಟಿಗೆ ನೀನೇ ನಿನ್ನ ವಿಮೆಗಾರ ಎಂಬುದು ತರ್ಕ. ಚಳಿಗಾಲಕ್ಕೆ ಮೊದಲು ದಾಸ್ತಾನು ಏರುವ ಶೆಡ್ಡುಗಳಲ್ಲಿ, ವರ್ಷದ ಆರಂಭದ ಬೆಲೆಗೇ ಪಾಲಿಸಿ ನಿಂತಿರುವುದು ಮಾಮೂಲಿ ತಪ್ಪು.

ಸರ್ವೇಯರ್ ಹುಡುಕುವುದೇನು?

2002ರ ಅಕ್ಟೋಬರ್ 1ರಂದು ಜಪಾನಿನ ನಾಗಸಾಕಿಯ ಮಿತ್ಸುಬಿಷಿ ಹಡಗುಕಟ್ಟೆಯಲ್ಲಿ ಇನ್ನೂ ಕಟ್ಟುತ್ತಿದ್ದ 'ಡೈಮಂಡ್ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗು ಹೊತ್ತಿ ಉರಿಯಿತು. ಕೊನೆಗೆ ಪಕ್ಕದಲ್ಲಿದ್ದ ಸೋದರಿ ಹಡಗಿಗೇ ಆ ಹೆಸರಿಟ್ಟು ಗಿರಾಕಿಗೆ ಒಪ್ಪಿಸಿದರು. ಕಟ್ಟುವ ಹಂತದ ಹಡಗುಗಳಲ್ಲಿ ಆ ಕಾಲಕ್ಕೆ ಆದ ಭಾರೀ ನಷ್ಟಗಳಿಂದ ಎಚ್ಚೆತ್ತ ಲಂಡನ್ನಿನ ವಿಮೆಗಾರರು 'ಜೆಎಚ್143' ಎಂಬ ತಪಾಸಣಾ ಪದ್ಧತಿ ತಂದರು. ಕಟ್ಟೆಯ ಜಾಗ, ಬೆಂಕಿ ಆರಿಸುವ ವ್ಯವಸ್ಥೆ, ವೆಲ್ಡಿಂಗ್ ಪರವಾನಗಿ, ಕಸ ವಿಲೇವಾರಿ, ನೈಸರ್ಗಿಕ ವಿಕೋಪದ ಸಿದ್ಧತೆ ಎಲ್ಲಕ್ಕೂ ಅಲ್ಲಿ ಪ್ರಶ್ನೆಗಳಿವೆ.

ಹತ್ತು ಮಂದಿಯ ಶೆಡ್ಡಿಗೆ ಅಷ್ಟು ದೊಡ್ಡ ಸರ್ವೇ ಬರಲಾರದು. ಆದರೂ ಅದರ ತಿರುಳು ಒಂದೇ ಹಾಳೆಗೆ ಹಿಡಿಯುತ್ತದೆ. ಸೆಪ್ಟೆಂಬರಿನಲ್ಲಿ, ಅಗಸ್ತ್ಯ ಮೂಡಿದ ಮೇಲೆ, ಪೈಪಿನಿಂದ ಮಾಡಿಗೆ ನೀರು ಬಿಟ್ಟು ಸೋರುವಲ್ಲಿ ಸೀಮೆಸುಣ್ಣದ ಗುರುತು ಹಾಕುವುದು. ದಂಬೆಯ ಮರಳು ತೆಗೆಯುವುದು. ಚೀಲ, ಉರುಳೆಗಳನ್ನು ನೆಲದಿಂದ ಗೇಣೆತ್ತರದ ಹಲಗೆಯ ಮೇಲಿಡುವುದು. ಪಂಪನ್ನು ಒಮ್ಮೆ ಓಡಿಸಿ ನೋಡುವುದು. ಅಚ್ಚುಗಳನ್ನು ಬೋರಲು ಹಾಕಿ ಕಟ್ಟುವುದು. ಹಾರ್ಡನರ್ ಒಂದು ಮೂಲೆ, ವೇಗವರ್ಧಕ ಇನ್ನೊಂದು ಮೂಲೆ. ಬೆಚ್ಚಗೆ ಬೇಕೆಂದರೆ ಉರಿ ಇಲ್ಲದ, ಹೊರಗಿನಿಂದ ಬಿಸಿಗಾಳಿ ಕೊಡುವ ವ್ಯವಸ್ಥೆ; ಇಲ್ಲವೇ ಬಿಸಿಲೇರಿದ ಮೇಲೆ ಕೆಲಸ.

ಇಷ್ಟೂ ಮಾಡಿ ಕೊನೆಗೆ ಮೊಬೈಲಿನಲ್ಲಿ ತಾರೀಖು ಬರುವ ಹಾಗೆ ಫೋಟೋ ತೆಗೆದಿಡುವುದು. ಮಾಡು ಅಕ್ಟೋಬರಿನಲ್ಲಿ ಸರಿಯಿತ್ತು ಎಂದು ತೋರಿಸಿದರೆ ನವೆಂಬರಿನ ಹಾನಿ ಗಾಳಿಯದು ಎಂಬ ವಾದಕ್ಕೆ ಬಲ. ಸ್ಟಾಕ್ ರಿಜಿಸ್ಟರಿನ ಪ್ರತಿಯೊಂದು ಶೆಡ್ಡಿನ ಹೊರಗೆ ಇರಬೇಕು. ಮಾಲಿನ ಜೊತೆ ಮಾಲಿನ ಲೆಕ್ಕವೂ ನೆನೆದರೆ ಏನು ಹೋಯಿತೆಂದು ಹೇಳುವವರಿಲ್ಲ.

ಮನುಷ್ಯರ ಚಳಿ

ಶೆಡ್ಡಿನ ತಯಾರಿಯಲ್ಲಿ ಎಲ್ಲರೂ ಮರೆಯುವುದು ಕೆಲಸಗಾರರ ಕೋಣೆ. ಕುವೈತ್‌ನಲ್ಲಿ ಭಾರತೀಯರು ಸುಮಾರು ಹತ್ತು ಲಕ್ಷ. ಕರಾವಳಿಯವರಲ್ಲದೆ ಬಯಲುಸೀಮೆಯವರೂ ಅಲ್ಲಿದ್ದಾರೆ.  ಬೇಸಿಗೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲು ಕೆಲಸಕ್ಕೆ ನಿಷೇಧವಿದೆ. ಚಳಿಗೆ ಅಂಥ ಕಾನೂನಿನ ನೆರಳಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಜೀವ ಬಿಡುವ ಸುದ್ದಿ ಚಳಿಗಾಲದಲ್ಲಿ ಬರುತ್ತದೆ. 2024ರ ಜೂನ್ 12ರಂದು ಮಂಗಾಫಿನ ಕಾರ್ಮಿಕ ವಸತಿಯ ಬೆಂಕಿಯಲ್ಲಿ ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತದ್ದು ಬೇಸಿಗೆಯಲ್ಲೇ. ಆದರೆ ಕೋಣೆ ತುಂಬುವ ಹೊಗೆಗೆ ಋತುವಿನ ಹಂಗಿಲ್ಲ. ದೋಣಿಗೆ ಬಿರುಕು ಬಿದ್ದರೆ ಇನ್ನೊಂದು ದೋಣಿ ಕಟ್ಟಬಹುದು.

ಗಂಗೊಳ್ಳಿ ಹೇಳುವ ಮಾತು

ಇದೆಲ್ಲ ದೂರದೇಶದ ಕಥೆ ಎನ್ನುವ ಹಾಗಿಲ್ಲ. 2023ರ ನವೆಂಬರ್ 13ರಂದು, ದೀಪಾವಳಿಯ ದಿನಗಳಲ್ಲಿ, ಗಂಗೊಳ್ಳಿ ಬಂದರಿನಲ್ಲಿ ದಡದ ಮೇಲಿಟ್ಟಿದ್ದ ದೋಣಿಗಳಿಗೆ ಬೆಂಕಿ ಬಿದ್ದು ಒಂದರ ಪಕ್ಕ ಒಂದು ಸುಟ್ಟುಹೋದವು, ಕೋಟಿಗಟ್ಟಲೆ ನಷ್ಟವಾಯಿತು. ಅದಾದ ಆರನೇ ದಿನದ ರಾತ್ರಿ ವಿಶಾಖಪಟ್ಟಣ ಬಂದರಿನಲ್ಲಿ ಸುಮಾರು 40 ದೋಣಿಗಳು ಹೊತ್ತಿ ಉರಿದವು. ಆಂಧ್ರ ಸರ್ಕಾರ ನಷ್ಟದ ನೂರಕ್ಕೆ 80ರಷ್ಟು ಪರಿಹಾರ ಘೋಷಿಸಿತು. ಹಾಗೆ ಸರ್ಕಾರ ಬರುತ್ತದೆ ಎಂದು ನೆಚ್ಚಿಕೊಂಡು ಉದ್ಯಮ ನಡೆಸಲು ಬರುವುದಿಲ್ಲ.

ಮಲ್ಪೆಯಲ್ಲಿ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್‌ಗಳನ್ನು ಕಟ್ಟುತ್ತಿದೆ, ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟುತ್ತಿದೆ. ಅಂಥ ದೊಡ್ಡ ಕಟ್ಟೆಗಳ ಹಡಗಿಗೆ ವಿಮೆ ಒಪ್ಪಂದದ ಭಾಗವಾಗಿಯೇ ಬರುತ್ತದೆ. ಕಷ್ಟ ಇರುವುದು ಸಣ್ಣ ಶೆಡ್ಡುಗಳಿಗೆ. ಅವರಿಗಾಗಿ 2021ರ ಏಪ್ರಿಲ್ 1ರಿಂದ ನಮ್ಮಲ್ಲಿ ಎರಡು ಪಾಲಿಸಿಗಳಿವೆ: 5 ಕೋಟಿ ರೂಪಾಯಿವರೆಗಿನ ಆಸ್ತಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ', ಅದಕ್ಕಿಂತ ಮೇಲೆ 50 ಕೋಟಿವರೆಗೆ 'ಭಾರತ್ ಲಘು ಉದ್ಯಮ ಸುರಕ್ಷಾ'. ಬೆಂಕಿಯ ಜೊತೆ ಬಿರುಗಾಳಿ, ನೆರೆ ಇವುಗಳಲ್ಲಿ ಸೇರಿವೆ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ ತಪ್ಪನ್ನು ನೂರಕ್ಕೆ 15ರವರೆಗೆ ಮನ್ನಿಸುವ ಅನುಕೂಲವೂ ಇದೆ.

ಮಳೆಯ ತಾರೀಖು ಗೊತ್ತಿರುವ ನಮ್ಮ ಕರಾವಳಿಯಲ್ಲಿ ತಯಾರಿ ರೂಢಿಯಾಗಿ ಬಂದಿದೆ, ವಿಮೆಯ ರೂಢಿ ಕಡಿಮೆ. ಮಳೆ ಮರೆತುಹೋಗುವ ಊರಿನಲ್ಲಿ ಇದರ ತಿರುವುಮುರುವು: ಕಾಗದ ಇದೆ, ರೂಢಿ ಇಲ್ಲ. ಪಾಲಿಸಿಯ ಷರತ್ತುಗಳನ್ನು ಒಂದೊಂದಾಗಿ ಓದಿದರೆ ಅವು ಕೇಳುವುದು ಹಳಬರು ಪಂಚಾಂಗ ನೋಡಿ ಮಾಡುತ್ತಿದ್ದುದನ್ನೇ. ಮಾಡು ನೋಡಿದೆಯಾ, ಮಾಲು ಮೇಲಿಟ್ಟೆಯಾ, ಬೆಂಕಿ ದೂರವಿದೆಯಾ?

ಆ ನವೆಂಬರಿನ ರಾತ್ರಿ ಮಳೆ ಸುರಿದು, ಬೆಳಗ್ಗೆ ಬಿಸಿಲು ಬಿದ್ದಾಗ ಅಂಗಳದ ದೋಣಿಯ ಹಿಂದೆ, ಮರಳಿನಲ್ಲಿ ಬೋಗುಣಿಯಷ್ಟು ಒಂದು ಗುಂಡಿ ಬಿದ್ದಿರುತ್ತದೆ. ತಳದ ತೂತಿನಿಂದ ಇನ್ನೂ ಹನಿ ಬೀಳುತ್ತಿರುತ್ತದೆ. ಅಷ್ಟು ಬಿಟ್ಟರೆ ಏನೂ ಆಗಿಲ್ಲ. ಕ್ಲೇಮ್ ಫಾರಂ ತುಂಬುವ ಪ್ರಮೇಯವೇ ಇಲ್ಲ. ಬಿರಡೆ ಸ್ಟೇರಿಂಗ್‌ನಲ್ಲಿ ನೇತಾಡುತ್ತಿದೆ. ಅದನ್ನು ಅಲ್ಲೇ ಕಟ್ಟಲು ಕಾರಣವಿದೆ. ಕಿತ್ತ ಬಿರಡೆಯನ್ನು ಮರೆತು ದೋಣಿಯನ್ನು ಕಡಲಿಗಿಳಿಸಿದರೆ ಅದೇ ತೂತು ದೋಣಿಯನ್ನು ಮುಳುಗಿಸುತ್ತದೆ. ಎರಡು ದಿನದ ಮೇಲೆ ಗಿರಾಕಿ ಬಂದು ದೋಣಿ ಹತ್ತಿ ಸ್ಟೇರಿಂಗ್ ಹಿಡಿದಾಗ ಅವನ ಕೈಗೆ ಮೊದಲು ತಾಗುವುದು ದಾರದಲ್ಲಿ ತೂಗುವ ಆ ಬಿರಡೆಯೇ.